ತಹಶೀಲ್ದಾರರ ಮುಖಾಂತರ ಜಗತ್ತನ್ನು ತಿದ್ದುವ ವಿಧಾನ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಾಗರಿಕರಿಗಾಗಿ ಬಳಕೆಯ ಕೈಪಿಡಿ

ಈ ಕೈಪಿಡಿ ಯಾರಿಗೆ

ಪರದೇಶದಿಂದ ಜೀವ ಉಳಿಸಿಕೊಳ್ಳಲು ಓಡಿ ಬಂದವರನ್ನು ಭಾರತ ಸರ್ಕಾರ ನಡೆಸಿಕೊಳ್ಳುವ ರೀತಿ ಸರಿಯಿಲ್ಲ ಎಂದು ನಿಮಗೆ ಅನ್ನಿಸಿದೆ. ಅದನ್ನು ಸರ್ಕಾರಕ್ಕೆ ಹೇಳಲೇಬೇಕೆಂದು ರಾತ್ರಿ ನಿದ್ದೆ ಕೆಟ್ಟಿದೆ. ಆದರೆ ದಿಲ್ಲಿಗೆ ಹೋಗಲು ರಜೆಯಿಲ್ಲ, ರೊಕ್ಕವೂ ಇಲ್ಲ. ಇಂಥವರಿಗಾಗಿ ಈ ಕೈಪಿಡಿ. ನಿದ್ದೆ ಚೆನ್ನಾಗಿ ಬರುತ್ತಿರುವವರು ಮುಂದೆ ಓದಬೇಕಾಗಿಲ್ಲ.

ನಮ್ಮ ಮೂರು ತಾಲೂಕಿನವರಿಗೆ ಮನವಿ ಕೊಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಗೋಕಾಕ ಜಿಲ್ಲೆಯಾಗಬೇಕು ಎಂಬ ಮನವಿಯ ಪ್ರತಿಗಳನ್ನು ಒಟ್ಟಿದರೆ ಒಂದು ಜಿಲ್ಲಾ ಕಚೇರಿಯೇ ತುಂಬೀತು. ಮೂಡಲಗಿ ತಾಲೂಕಾದದ್ದು ಬೀದಿಗಿಳಿದು ಕೇಳಿದ್ದರಿಂದ. 2025ರ ನವೆಂಬರಿನಲ್ಲಿ ಅದೇ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಯ ಮೇಲೆ ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದರು, ಸರ್ಕಾರ 3,300ಕ್ಕೆ ಬಂದು ನಿಂತಿತು. ಆ ಗದ್ದಲದ ನಡುವೆ ಸಕ್ಕರೆ ರಫ್ತಿನ ಮಾತೂ ಎದ್ದಿತು. ರಫ್ತು ಎಷ್ಟು ಬಿಡಬೇಕು ಎಂದು ತೀರ್ಮಾನಿಸುವುದು ದಿಲ್ಲಿ. ಪರದೇಶದ ವ್ಯವಹಾರ ನಮ್ಮ ಹೊಲದ ಬದುವಿನವರೆಗೆ ಬರುತ್ತದೆ ಎಂದಮೇಲೆ, ನಮ್ಮ ಮನವಿ ಪರದೇಶದ ವ್ಯವಹಾರದವರೆಗೆ ಹೋಗಬಾರದೇಕೆ?

ಬೇಕಾಗುವ ಸಾಮಗ್ರಿ

ಮನವಿ ಪತ್ರ ಮತ್ತು ಅದರ ನಾಲ್ಕು ಝೆರಾಕ್ಸ್.

ಬ್ಯಾನರು ಒಂದು. ಹಳೆಯ ಹೋರಾಟದ ಬ್ಯಾನರಿನ ಹಿಂಬದಿಯೂ ನಡೆಯುತ್ತದೆ. ಆದರೆ ಬಿಸಿಲಿಗೆ ಹಿಡಿದಾಗ ಹಿಂದಿನ ಅಕ್ಷರ ಕಾಣದಂತೆ ನೋಡಿಕೊಳ್ಳಿ. ‘ರೋಹಿಂಗ್ಯಾಗಳಿಗೆ ನ್ಯಾಯ’ದ ಒಳಗಿಂದ ‘ಕಬ್ಬಿನ ಬಾಕಿ ಬಿಲ್ಲು ಕೊಡಿ’ ಎಂದು ಇಣುಕಿದರೆ ಗೃಹ ಸಚಿವಾಲಯಕ್ಕೆ ಗೊಂದಲವಾಗುತ್ತದೆ.

ಕನಿಷ್ಠ ಹತ್ತು ಜನ. ಅವರಲ್ಲಿ ಒಬ್ಬರು ವಕೀಲರು, ಒಬ್ಬರು ನಿವೃತ್ತ ಮಾಸ್ತರರು, ಫೋಟೋ ಹೊಡೆಯಲು ಒಬ್ಬ ಹುಡುಗ.

ಗೋಕಾಕದ ಕರದಂಟು ಅರ್ಧ ಕಿಲೋ. ತಹಶೀಲ್ದಾರರು ಮೀಟಿಂಗಿಗೆ ಹೋಗಿದ್ದರೆ ಕಾಯುವಾಗ ಬೇಕು. ಕಚೇರಿಯ ಒಳಗೆ ಹಂಚಬೇಡಿ, ಅದಕ್ಕೆ ಬೇರೆ ಅರ್ಥ ಬರುತ್ತದೆ.

ಸಂವಿಧಾನದ ಒಂದು ಪ್ರತಿ, ಕನ್ನಡದ್ದು.

ಹಂತ 1: ವಿಳಾಸ ಬರೆಯುವುದು

‘ಮಾನ್ಯ ರಾಷ್ಟ್ರಪತಿಗಳಿಗೆ, ಮಾನ್ಯ ತಹಶೀಲ್ದಾರರ ಮುಖಾಂತರ’ ಎಂದು ಬರೆಯಿರಿ. ಈ ‘ಮುಖಾಂತರ’ದಲ್ಲಿಯೇ ನಮ್ಮ ಪ್ರಜಾಪ್ರಭುತ್ವದ ಅರ್ಧ ಸಂಸಾರ ನಡೆದಿದೆ. ತಹಶೀಲ್ದಾರರಿಗೆ ಜಾತಿ, ಆದಾಯದ ಪ್ರಮಾಣಪತ್ರ ಕೊಡುವ ಅಧಿಕಾರವಿದೆ, ವೀಸಾ ಕೊಡುವ ಅಧಿಕಾರವಿಲ್ಲ. ಬೆಂಗಳೂರಿಗೂ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿ ತೆರೆದರೆ ನಮೂದು 10ರಲ್ಲಿ ವಿದೇಶಾಂಗ ವ್ಯವಹಾರ, 17ರಲ್ಲಿ ಪೌರತ್ವ ಮತ್ತು ಪರದೇಶಿಗಳು, 19ರಲ್ಲಿ ದೇಶದೊಳಕ್ಕೆ ಬರುವುದು, ಹೊರಗೆ ಹಾಕುವುದು. ಮೂರೂ ದಿಲ್ಲಿಯ ಪಾಲು. ‘ಇದು ನಮ್ಮ ವ್ಯಾಪ್ತಿಗೆ ಬರೋದಿಲ್ರಿ’ ಎಂದು ಶಿರಸ್ತೇದಾರರು ಹೇಳಿದರೆ ಅವರು ಹೇಳಿದ್ದು ನಿಜ. ವಾದಕ್ಕೆ ಇಳಿಯದೆ, ‘ಮ್ಯಾಲೆ ಕಳಸ್ರಿ ಸಾಹೇಬ್ರ, ಅಷ್ಟ ಸಾಕು’ ಎನ್ನಿ.

ಹಂತ 2: ಕಾನೂನು ಹುಡುಕುವುದು

ಮನವಿಯ ಎರಡನೇ ಪ್ಯಾರಾದಲ್ಲಿ ‘ಇಂತಿಂಥ ಕಾಯ್ದೆಯ ಇಂತಿಂಥ ಕಲಮಿನ ಪ್ರಕಾರ’ ಎಂದು ಬರೆಯುವುದು ರೂಢಿ. ಇಲ್ಲಿ ಬರೆಯಲು ಏನೂ ಸಿಗುವುದಿಲ್ಲ. ಪುಟ ಹರಿದಿದೆಯೇನೋ ಎಂದು ಗಾಬರಿಯಾಗಬೇಡಿ, ಕಾಯ್ದೆಯೇ ಇಲ್ಲ.

ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಮಾಡಿಲ್ಲ. 1967ರ ಅದರ ಪೂರಕ ಒಪ್ಪಂದಕ್ಕೂ ಮಾಡಿಲ್ಲ. ಆದರೆ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ 1995ರಿಂದ ಸದಸ್ಯನಾಗಿ ಕುಳಿತಿದೆ. ಸಹಿ ಮಾಡದ ಕಾಗದವನ್ನು ಕಾಯುವ ಸಂಸ್ಥೆಗೆ ಸಲಹೆ ಕೊಡುವ ಸಮಿತಿಯಲ್ಲಿ ನಮಗೊಂದು ಕುರ್ಚಿ ಇದೆ.

ದೇಶದೊಳಗಿನ ಕಾನೂನಿಗೆ ಗೊತ್ತಿರುವುದು ಎರಡೇ ಜಾತಿಯ ಮನುಷ್ಯರು: ನಾಗರಿಕ ಮತ್ತು ವಿದೇಶಿ. ಪ್ರವಾಸಕ್ಕೆ ಬಂದು ವೀಸಾ ಮುಗಿದರೂ ಗೋಕರ್ಣ ಬಿಡದವನೂ, ಮನೆಗೆ ಬೆಂಕಿ ಬಿದ್ದು ಮಗುವನ್ನು ಎತ್ತಿಕೊಂಡು ನದಿ ದಾಟಿದವಳೂ ಒಂದೇ ಖಾತೆಗೆ ಬೀಳುತ್ತಾರೆ. 1946ರ ವಿದೇಶಿಯರ ಕಾಯ್ದೆಯಲ್ಲಿ ಹೀಗಿತ್ತು. ಅದನ್ನೂ ಇನ್ನು ಮೂರು ಕಾಯ್ದೆಗಳನ್ನೂ ತೆಗೆದುಹಾಕಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂತು. ಅದರಲ್ಲಿಯೂ ನಿರಾಶ್ರಿತರಿಗೆಂದು ಒಂದು ಅಧ್ಯಾಯವಿಲ್ಲ. ಜೊತೆಗೆ ಬಂದ ವಿನಾಯಿತಿ ಆದೇಶದಲ್ಲಿ ಮಾತ್ರ ಕೆಲವರಿಗೆ ರಿಯಾಯಿತಿ ಇದೆ, ಉದಾಹರಣೆಗೆ 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ, ಮತ್ತು 2024ರ ಡಿಸೆಂಬರ್ 31ರೊಳಗೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಆರು ಧರ್ಮಗಳವರಿಗೆ. ಆದೇಶ ಹೊರಡಿಸಿದವರು ಅದನ್ನು ಹಿಂತೆಗೆಯಲೂಬಹುದು. ಸಂಸತ್ತಿನಲ್ಲಿ ಶಶಿ ತರೂರ್ 2015ರಲ್ಲೊಮ್ಮೆ, 2022ರಲ್ಲೊಮ್ಮೆ ಆಶ್ರಯದ ಬಗ್ಗೆ ಖಾಸಗಿ ಮಸೂದೆ ಮಂಡಿಸಿದರು. ಅವು ಮಸೂದೆಗಳಾಗಿಯೇ ಉಳಿದವು.

ಹಾಗಾದರೆ ಎರಡನೇ ಪ್ಯಾರಾದಲ್ಲಿ ಏನು ಬರೆಯಬೇಕು? ಸಂವಿಧಾನದ 14 ಮತ್ತು 21ನೇ ವಿಧಿಗಳನ್ನು ಬರೆಯಿರಿ. ಅವು ನಾಗರಿಕರಿಗಷ್ಟೇ ಅಲ್ಲ, ಈ ನೆಲದ ಮೇಲಿರುವ ಯಾವ ವ್ಯಕ್ತಿಗೂ ಅನ್ವಯಿಸುತ್ತವೆ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾಗಳನ್ನು ಬಲವಂತದಿಂದ ಓಡಿಸಲು ಹೊರಟಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಸುಪ್ರೀಂ ಕೋರ್ಟಿಗೆ ಹೋಯಿತು. ನಾಗರಿಕನಾಗಲಿ ಅಲ್ಲದವನಾಗಲಿ, ಅವನ ಜೀವ ಕಾಯುವುದು ರಾಜ್ಯದ ಹೊಣೆ ಎಂದು 1996ರಲ್ಲಿ ನ್ಯಾಯಾಲಯ ಹೇಳಿತು.

*ಎಚ್ಚರಿಕೆ:* ಇಲ್ಲಿಗೇ ಖುಷಿಯಾಗಿ ಪೆನ್ನು ಮುಚ್ಚಬೇಡಿ. 2021ರ ಏಪ್ರಿಲ್ 8ರಂದು ಮ್ಯಾನ್ಮಾರಿನಿಂದ ಓಡಿ ಬಂದು ಜಮ್ಮುವಿನಲ್ಲಿದ್ದ ರೋಹಿಂಗ್ಯಾಗಳ ವಿಷಯದಲ್ಲಿ ಅದೇ ಸುಪ್ರೀಂ ಕೋರ್ಟು, ಗಡೀಪಾರು ಆಗದಿರುವ ಹಕ್ಕು ದೇಶದಲ್ಲಿ ನೆಲೆಸುವ ಹಕ್ಕಿಗೆ ಅಂಟಿಕೊಂಡದ್ದು, ಅದು 19ನೇ ವಿಧಿಯಲ್ಲಿದೆ, ಆ ವಿಧಿ ನಾಗರಿಕರಿಗೆ ಮಾತ್ರ ಎಂದಿತು. ನಿಯಮದ ಪ್ರಕಾರ ನಡೆದರೆ ಕಳಿಸಬಹುದು ಎಂದಾಯಿತು. ಬದುಕುವ ಹಕ್ಕು ಎಲ್ಲರಿಗೂ ಇದೆ, ಇಲ್ಲಿ ಬದುಕುವ ಹಕ್ಕು ಎಲ್ಲರಿಗೂ ಇಲ್ಲ.

ಹಂತ 3: ನಿರಾಶ್ರಿತರನ್ನು ಆರಿಸಿಕೊಳ್ಳುವುದು

ಇದು ಅತಿ ನಾಜೂಕಿನ ಹಂತ. ಅನುಭವವಿಲ್ಲದವರು ‘ಯಾಕೆ ಓಡಿ ಬಂದರು?’ ಎಂದು ಕೇಳಿ ಇಲ್ಲೇ ಸೋಲುತ್ತಾರೆ. ಸರ್ಕಾರಗಳ ಪದ್ಧತಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಯಾರಿಂದ ಓಡಿ ಬಂದರು?’ ಎಂಬುದು. ಓಡಿಸಿದವನಿಗೂ ನಮಗೂ ಈ ವರ್ಷ ಮಾತುಕತೆ ಹೇಗಿದೆ ಎಂದು ನೋಡಿ ಮುಂದುವರಿಯಬೇಕು.

ಉದಾಹರಣೆಗೆ ಟಿಬೆಟ್ ತೆಗೆದುಕೊಳ್ಳಿ. 1954ರ ಏಪ್ರಿಲ್‌ನಲ್ಲಿ ಚೀನಾದ ಜೊತೆ ಪಂಚಶೀಲದ ಒಪ್ಪಂದ ಮಾಡಿಕೊಳ್ಳುವಾಗ ಭಾರತ ಟಿಬೆಟನ್ನು ಚೀನಾದ ಪ್ರದೇಶ ಎಂದು ಬರೆದುಕೊಟ್ಟಿತು. 1959ರ ಮಾರ್ಚ್ 31ರಂದು ದಲೈ ಲಾಮಾ ಗಡಿ ದಾಟಿದಾಗ ನೆಹರೂ ಸರ್ಕಾರ ಆಶ್ರಯ ಕೊಟ್ಟಿತು. ಅದೇ ವರ್ಷ ಟಿಬೆಟಿಯನ್ನರ ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯಲ್ಲಿ ಗೊತ್ತುವಳಿ ಬಂದಾಗ ಭಾರತ ಯಾರ ಕಡೆಗೂ ಮತ ಹಾಕಲಿಲ್ಲ. 1962ರಲ್ಲಿ ಯುದ್ಧವಾಯಿತು. 1965ರಲ್ಲಿ ಅಂಥದೇ ಗೊತ್ತುವಳಿ ಬಂದಾಗ ಭಾರತ ಪರವಾಗಿ ಮತ ಹಾಕಿತು. 2003ರಲ್ಲಿ ವಾಜಪೇಯಿಯವರು ಬೀಜಿಂಗಿಗೆ ಹೋದಾಗ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಎಂದು ಮತ್ತೊಮ್ಮೆ ಒಪ್ಪಲಾಯಿತು. ಇಷ್ಟರ ನಡುವೆ ಟಿಬೆಟಿಯನ್ನರು ಓಡಿ ಬಂದ ಕಾರಣ ಒಂದಿಷ್ಟೂ ಬದಲಾಗಲಿಲ್ಲ. ಬದಲಾದದ್ದು ನಮ್ಮ ಪಂಚಾಂಗ.

ಬೆಳಗಾವಿ ಜಿಲ್ಲೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಗೋವಾ. 1961ರ ಡಿಸೆಂಬರಿನವರೆಗೆ ಪಶ್ಚಿಮಕ್ಕೆ ಹೋಗಿ ಘಟ್ಟ ಇಳಿದರೆ ಪರದೇಶ, ಪೋರ್ತುಗೀಸರ ಪೊಲೀಸು. ಅವರಿಂದ ತಪ್ಪಿಸಿಕೊಂಡು ಬಂದ ಗೋವೆಯ ಹೋರಾಟಗಾರರಿಗೆ ಬೆಳಗಾವಿ ಒಂದು ನೆಲೆಯಾಗಿತ್ತು. ವಾಮನ ಸರ್‌ದೇಸಾಯಿ ಮತ್ತು ಲಿಬಿಯಾ ಲೋಬೋ 1955ರಿಂದ 1961ರವರೆಗೆ ಮೊದಲು ಅಂಬೋಲಿಯ, ಆಮೇಲೆ ಕ್ಯಾಸಲ್‌ರಾಕಿನ ಕಾಡಿನಲ್ಲಿ ಕುಳಿತು ಗುಪ್ತ ಬಾನುಲಿ ನಡೆಸಿದರು. ಅವರನ್ನು ಅಕ್ರಮ ವಲಸಿಗರು ಎಂದು ಯಾರೂ ಕರೆಯಲಿಲ್ಲ. ಕರೆಯಬಾರದಾಗಿತ್ತು ಕೂಡ. ಓಡಿ ಬಂದದ್ದು ಪೋರ್ತುಗಲ್ಲಿನ ಸರ್ವಾಧಿಕಾರಿ ಸಲಾಜಾರನಿಂದ ಎಂದು ಎಲ್ಲರಿಗೂ ಗೊತ್ತಿತ್ತು.

ಮನುಷ್ಯರ ಲೆಕ್ಕವನ್ನೇ ಒಪ್ಪಂದದಲ್ಲಿ ಬರೆದದ್ದೂ ಉಂಟು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಲಂಕೆಯ ಪ್ರಧಾನಿ ಸಿರಿಮಾವೋ ಮಾಡಿಕೊಂಡ ಒಪ್ಪಂದದಲ್ಲಿ ಲಂಕೆಯ ತೋಟಗಳ ತಮಿಳರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ ಎಂದು ಹಂಚಿಕೆಯಾಯಿತು. ಎಲ್ಲಿರಲು ಇಷ್ಟ ಎಂದು ತೋಟದವರನ್ನು ಯಾರೂ ಮೊದಲು ಕೇಳಲಿಲ್ಲ. ಹಾಗೆ ಬಂದ ಕೆಲವರು ಇಂದಿಗೂ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿದ್ದಾರೆ.

ಈಗ 2019ರ ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ ಮೂರು ದೇಶ, ಆರು ಧರ್ಮ. ಚೀನಾ ಇಲ್ಲ, ಶ್ರೀಲಂಕಾ ಇಲ್ಲ, ಮ್ಯಾನ್ಮಾರ್ ಇಲ್ಲ. ಪಟ್ಟಿಯಲ್ಲಿರುವ ದೇಶದವರೇ ಆದ ಅಹ್ಮದಿಯಾಗಳೂ ಹಜಾರಾಗಳೂ ಇಲ್ಲ. ಇಲ್ಲಿ ‘ಯಾರಿಂದ’ ಎಂಬ ಹಳೆಯ ಪ್ರಶ್ನೆಗೆ ‘ನೀನು ಯಾರವ’ ಎಂಬ ಹೊಸ ಪ್ರಶ್ನೆಯೂ ಸೇರಿಕೊಂಡಿದೆ. ‘ಯಾಕೆ’ ಎಂಬುದಕ್ಕೆ ಅರ್ಜಿಯ ನಮೂನೆಯಲ್ಲಿ ಜಾಗವೇ ಉಳಿದಿಲ್ಲ.

ಹಂತ 4: ಹತ್ತಿರದ ನಮೂನೆ ನೋಡಿ ಬರುವುದು

ಮನವಿ ಕೊಡುವ ಮೊದಲು ಒಮ್ಮೆ ಮುಂಡಗೋಡಿನ ಟಿಬೆಟಿಯನ್ ವಸತಿಗೆ ಹೋಗಿ ಬನ್ನಿ. ಧಾರವಾಡ, ಹುಬ್ಬಳ್ಳಿ ದಾಟಿದರೆ ದೂರವೇನಿಲ್ಲ.

ಕರ್ನಾಟಕ ಟಿಬೆಟಿಯನ್ನರಿಗೆ ಮೊದಲು ಜಾಗ ಕೊಟ್ಟದ್ದು ಬೈಲಕುಪ್ಪೆಯಲ್ಲಿ, 1960ರ ಹೊತ್ತಿಗೆ. ಆಗ ಮುಖ್ಯಮಂತ್ರಿ ಬಿ.ಡಿ. ಜತ್ತಿ, ನಮ್ಮ ಪಕ್ಕದ ಜಮಖಂಡಿ ತಾಲೂಕಿನ ಸಾವಳಗಿಯವರು. 1966ರಲ್ಲಿ ಮುಂಡಗೋಡಿನ ವಸತಿ ಶುರುವಾದಾಗ ಎಸ್. ನಿಜಲಿಂಗಪ್ಪ. ಟಿಬೆಟಿಯನ್ನರು ಇಂದಿಗೂ ಅವರ ಹೆಸರನ್ನು ಕೃತಜ್ಞತೆಯಿಂದ ಹೇಳುತ್ತಾರೆ. ಸ್ವಂತ ರಾಜ್ಯದಲ್ಲೇ ಭೂಮಿಯಿಲ್ಲದವರು ಲಕ್ಷಗಟ್ಟಲೆ ಇದ್ದ ಕಾಲದಲ್ಲಿ ಸಾವಿರಾರು ಎಕರೆ ಕೊಟ್ಟದ್ದು ದೊಡ್ಡ ಮನಸ್ಸು. ಅಲ್ಲಿ ಮೆಕ್ಕೆಜೋಳ, ಭತ್ತ ಬೆಳೆದರು, ದ್ರೆಪುಂಗ್ ಮತ್ತು ಗಾಂಡೆನ್ ಮಠಗಳನ್ನು ಹೊಸದಾಗಿ ಎಬ್ಬಿಸಿದರು.

ನಮೂನೆ ಚೆನ್ನಾಗಿದೆ. ಈಗ ಅದರ ಕೆಳಗಿನ ಸಣ್ಣಕ್ಷರ ಓದಿ. ಅಲ್ಲಿಯ ಅಜ್ಜನ ಕೈಯಲ್ಲಿರುವುದು ವಿದೇಶಿ ನೋಂದಣಿ ಪತ್ರ. ಅದನ್ನು ಆಗಾಗ ನವೀಕರಿಸಬೇಕು. ಪರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಹಳದಿ ಬಣ್ಣದ ಗುರುತಿನ ಪುಸ್ತಕ. ವಸತಿಯ ಜಮೀನು ಅವರದಲ್ಲ. 2014ರ ಟಿಬೆಟಿಯನ್ ಪುನರ್ವಸತಿ ನೀತಿಯ ಪ್ರಕಾರ ಗುತ್ತಿಗೆಯ ಅವಧಿ 20 ವರ್ಷ ಅಥವಾ ಆದೇಶ ರದ್ದಾಗುವವರೆಗೆ, ಯಾವುದು ಮೊದಲೋ ಅದು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಈ ದೇಶದಲ್ಲಿ ಹುಟ್ಟಿದವರು 1955ರ ಪೌರತ್ವ ಕಾಯ್ದೆಯಂತೆ ಹುಟ್ಟಿನಿಂದಲೇ ನಾಗರಿಕರು. ಆದರೆ ಆ ಸರಳ ಮಾತನ್ನು ಟಿಬೆಟಿಯನ್ನರ ವಿಷಯದಲ್ಲಿ ಹೇಳಿಸಲು 2010ರಲ್ಲಿ ದಿಲ್ಲಿ ಹೈಕೋರ್ಟು, 2013ರಲ್ಲಿ ಕರ್ನಾಟಕ ಹೈಕೋರ್ಟು ಬೇಕಾದವು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಒಪ್ಪಿದ ವಿದೇಶಾಂಗ ಸಚಿವಾಲಯ, ನೋಂದಣಿ ಪತ್ರ ಒಪ್ಪಿಸಬೇಕು, ವಸತಿಯಲ್ಲಿ ಇರಕೂಡದು, ಸವಲತ್ತು ಬಿಡಬೇಕು ಎಂದು ಷರತ್ತು ಹಾಕಿತು. ನಾಗರಿಕನಾಗು, ಆದರೆ ಮನೆ ಬಿಡು ಎಂದ ಹಾಗಾಯಿತು.

ಭಾರತದಲ್ಲಿ ಅತಿ ಚೆನ್ನಾಗಿ ನಡೆಸಿಕೊಂಡ ನಿರಾಶ್ರಿತರ ಸ್ಥಿತಿ ಇದು. ಚೆನ್ನಾಗಿ ನಡೆಸಿಕೊಳ್ಳದವರನ್ನು ನೋಡಬೇಕೆಂದರೆ ನೆಲಮಂಗಲದ ಹತ್ತಿರ ಸೊಂಡೆಕೊಪ್ಪಕ್ಕೆ ಹೋಗಬೇಕು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಕಟ್ಟಡ ಅಲ್ಲಿ ದಾಖಲೆಯಿಲ್ಲದ ವಿದೇಶಿಯರನ್ನು ಇರಿಸುವ ಬಂಧನ ಕೇಂದ್ರವಾಗಿದೆ. ನೋಡುತ್ತೇನೆಂದರೆ ಒಳಗೆ ಬಿಡುವುದಿಲ್ಲ, ಹೊರಗಿನಿಂದ ಗೋಡೆ ನೋಡಿ ಬರಬಹುದು.

ಹಂತ 5: ದೋಷ ನಿವಾರಣೆ

ಬ್ಯಾನರು ಹಿಡಿದು ನಿಂತ ಹತ್ತು ನಿಮಿಷದೊಳಗೆ ಚಹಾ ಅಂಗಡಿಯ ಕಡೆಯಿಂದ ಪ್ರಶ್ನೆಗಳು ಬರುತ್ತವೆ. ಸಿಟ್ಟಾಗಬೇಡಿ. ಪ್ರಶ್ನೆಗಳು ಖರೇ ಇವೆ, ಉತ್ತರವೂ ಖರೇ ಇರಬೇಕು.

‘ಅಲ್ರೀ ಮಾಸ್ತರ, ನಮ್ಮ ಮಂದಿಗೇ ಮನಿ ಇಲ್ಲ. 2019ರ ಹೊಳಿ ಬಂದಾಗ ಬಿದ್ದ ಮನಿ ಇನ್ನೂ ಎದ್ದಿಲ್ಲ. ಹೊರಗಿನವ್ರದ್ದು ಯಾಕ ತಂದ್ರಿ?’

ಉತ್ತರ: ಹೊಳೆ ಬಂದ ಆ ಆಗಸ್ಟಿನ ಮಾತನ್ನೇ ತೆಗೆಯಿರಿ. ಘಟಪ್ರಭೆ ಲೋಳಸೂರ ಸೇತುವೆ ನುಂಗಿ ಗೋಕಾಕದ ಓಣಿಗಳಿಗೆ ನುಗ್ಗಿದಾಗ ಜನ ಉಟ್ಟ ಬಟ್ಟೆಯ ಮೇಲೆ ಹೊರಬಿದ್ದರು. ಆಮೇಲೆ ಶುರುವಾಯಿತು ಕಾಗದದ ಕಾಟ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದರು. ನಿಮ್ಮ ಮನೆ ಬಿದ್ದದ್ದು ಎ ವರ್ಗದಲ್ಲೋ ಬಿ ವರ್ಗದಲ್ಲೋ ಸಿ ವರ್ಗದಲ್ಲೋ ಎಂದು ತಿಂಗಳುಗಟ್ಟಲೆ ಜಗಳ ನಡೆಯಿತು. ಆ ಕಾಟವೂ ನಡೆದದ್ದು ಒಂದು ಪಟ್ಟಿ ಇದ್ದದ್ದರಿಂದ, ವರ್ಗ ಇದ್ದದ್ದರಿಂದ, ನನ್ನನ್ನು ಬಿಟ್ಟಿದ್ದೀರಿ ಎಂದು ಹೋಗಿ ಕೇಳಲು ಒಂದು ಟೇಬಲ್ ಇದ್ದದ್ದರಿಂದ. ದೇಶ ಬಿಟ್ಟು ಬಂದವನಿಗೆ ಆ ಟೇಬಲ್ಲೂ ಇಲ್ಲ. ನಾವು ಕೇಳುತ್ತಿರುವುದು ನಿಮ್ಮ ಮನೆಯ ರೊಕ್ಕವನ್ನಲ್ಲ, ಅವನ ಅರ್ಜಿ ಇಡಲು ಒಂದು ಟೇಬಲ್ಲನ್ನು.

‘ಬಂದವ್ರ ನಡುವ ಉಗ್ರರು ಸೇರ್ಕೊಂಡ್ರ?’

ಉತ್ತರ: ಸೇರಬಹುದು. ಅದಕ್ಕೇ ವಿಚಾರಣೆ ಬೇಕು. ಯುದ್ಧಾಪರಾಧ ಮಾಡಿದವನಿಗೆ, ಘೋರ ಅಪರಾಧ ಮಾಡಿ ಓಡಿ ಬಂದವನಿಗೆ ರಕ್ಷಣೆಯಿಲ್ಲ ಎಂದು 1951ರ ಒಡಂಬಡಿಕೆಯ ಮೊದಲ ವಿಧಿಯಲ್ಲೇ ಇದೆ. ದೇಶದ ಭದ್ರತೆಗೆ ಅಪಾಯವಾದವನನ್ನು ವಾಪಸು ಕಳಿಸಬಹುದು ಎಂದು 33ನೇ ವಿಧಿಯಲ್ಲಿದೆ. ಒಬ್ಬೊಬ್ಬರನ್ನೂ ಕೂರಿಸಿ ಕೇಳಿದರೆ ಉಗ್ರ ಯಾರು, ಅವನ ಕೈಯಿಂದ ತಪ್ಪಿಸಿಕೊಂಡು ಬಂದವನು ಯಾರು ಎಂದು ತಿಳಿಯುತ್ತದೆ. ಯಾರನ್ನೂ ಕೇಳದಿದ್ದರೆ ಇಬ್ಬರೂ ಒಂದೇ ಶೆಡ್ಡಿನಲ್ಲಿ ಅಡಗಿರುತ್ತಾರೆ.

‘ಕಾನೂನ ಇಲ್ದನ 1971ರಾಗ ಒಂದು ಕೋಟಿ ಮಂದೀನ ಸಾಕೇವಿ. ಈಗ್ಯಾಕ ಬೇಕ ಕಾನೂನ?’

ಉತ್ತರ: ಸಾಕಿದ್ದೇವೆ, ಅದು ಹೆಮ್ಮೆಯ ಮಾತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಕ್ಯಾಂಪುಗಳು ಸಿಂಧನೂರು ತಾಲೂಕಿನಲ್ಲಿ ಇಂದಿಗೂ ಇವೆ. ಆದರೆ ಅದು ಅಂದಿನ ಸರ್ಕಾರದ ಮನಸ್ಸು. ಇಂದಿನದು ಬೇರೆ ಇರಬಹುದು, ನಾಳಿನದು ಇನ್ನೂ ಬೇರೆ. ಮನಸ್ಸಿನ ಮೇಲೆ ಬದುಕುವವನು ಪ್ರತಿ ಚುನಾವಣೆಗೂ ಬೆವರಬೇಕು, ಅದರಲ್ಲಿ ಅವನಿಗೆ ವೋಟೂ ಇಲ್ಲ.

‘ಇದರಾಗ ನಮಗೇನ ಐತ್ರಿ?’

ಉತ್ತರ: 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತ. ಉಳಿದ ನೂರಾರು ಕನ್ನಡದ ಮಕ್ಕಳು ಹಿಮದಲ್ಲಿ ನಡೆದು ಪೋಲೆಂಡ್, ರೊಮೇನಿಯಾ, ಹಂಗೇರಿಗಳ ಗಡಿಗೆ ಹೋದರು. ಆ ದಿನಗಳಲ್ಲಿ ಭಾರತ ವಿಶ್ವಸಂಸ್ಥೆಯಲ್ಲಿ ರಷ್ಯಾದ ವಿರುದ್ಧ ಮತ ಹಾಕದೆ ತಟಸ್ಥವಾಗಿತ್ತು, ಪೋಲೆಂಡಿಗೆ ಅದು ಗೊತ್ತಿತ್ತು. ಆದರೂ ನಮ್ಮ ಮಕ್ಕಳನ್ನು ವೀಸಾ ಇಲ್ಲದೆ ಒಳಗೆ ಬಿಟ್ಟಿತು. ನಿಮ್ಮ ಸರ್ಕಾರ ಯಾರ ಕಡೆ ಎಂದು ಗೇಟಿನಲ್ಲಿ ಕೇಳಲಿಲ್ಲ. ಮರು ವರ್ಷ ಸುಡಾನಿನ ಯುದ್ಧದಲ್ಲಿ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನವರು ಸಿಕ್ಕಿಕೊಂಡಾಗಲೂ ಅವರನ್ನು ಸೌದಿ ಅರೇಬಿಯಾದ ಮೂಲಕ ಕರೆತರಬೇಕಾಯಿತು. ಓಡುವ ಸರದಿ ಯಾರದ್ದು ಎಂದು ಯಾರೂ ಮೊದಲೇ ಬರೆದಿಟ್ಟಿಲ್ಲ.

ಹಂತ 6: ಬೇಡಿಕೆ ಬರೆಯುವುದು

ಸಾಹಿತಿಗಳಾದ ಕಟ್ಟೀಮನಿಯವರ ಮಲಾಮರಡಿ, ಕಂಬಾರರ ಘೋಡಗೇರಿ, ಬೆಟಗೇರಿ ಕೃಷ್ಣಶರ್ಮರ ಬೆಟಗೇರಿ ಇರುವ ನಾಡು ಇದು. ‘ಉಗ್ರವಾಗಿ ಖಂಡಿಸುತ್ತೇವೆ’ ಎಂದು ಮೂರು ಪುಟ ಬರೆದರೆ ಈ ಊರುಗಳಿಗೆ ಅವಮಾನ. ನಾಲ್ಕು ಬೇಡಿಕೆ ಸಾಕು:

ಒಂದು, ಆಶ್ರಯ ಕೇಳುವ ಯಾರೇ ಆಗಲಿ ಅರ್ಜಿ ಕೊಡಲು ಕಾನೂನಿನಲ್ಲಿ ಒಂದು ಜಾಗವಿರಲಿ.

ಎರಡು, ಅರ್ಜಿ ತೀರ್ಮಾನವಾಗುವವರೆಗೆ ಕೊಲೆಗಾರನ ಕೈಗೆ ವಾಪಸು ಒಪ್ಪಿಸಬೇಡಿ.

ಮೂರು, ತೀರ್ಮಾನಿಸುವವರು ದೇಶ, ಧರ್ಮ ನೋಡದೆ, ಅವನು ಯಾಕೆ ಓಡಿ ಬಂದ ಎಂಬುದನ್ನೇ ನೋಡಲಿ. ತಿರಸ್ಕರಿಸಿದರೆ ಕಾರಣ ಬರೆದು ಕೊಡಲಿ, ಮೇಲ್ಮನವಿಗೆ ಅವಕಾಶವಿರಲಿ.

ನಾಲ್ಕು, ಪರದೇಶದ ಸಂಗಡ ಸ್ನೇಹ, ಜಗಳ ಎರಡನ್ನೂ ವಿದೇಶಾಂಗ ಸಚಿವಾಲಯ ತನ್ನ ಇಷ್ಟದಂತೆ ಮಾಡಲಿ, ಆದರೆ ಅದರ ಏರಿಳಿತ ಇಲ್ಲಿ ಆಶ್ರಯ ಪಡೆದವನ ಗುತ್ತಿಗೆ ಪತ್ರದ ಮೇಲೆ ಬೀಳದಿರಲಿ.

ಹಂತ 7: ಸಲ್ಲಿಕೆ ಮತ್ತು ನಿರ್ವಹಣೆ

ತಹಶೀಲ್ದಾರರು ಮನವಿಯ ಒಂದು ತುದಿ, ನಿಮ್ಮಲ್ಲಿ ಹಿರಿಯರು ಇನ್ನೊಂದು ತುದಿ ಹಿಡಿದು ಕ್ಯಾಮೆರಾ ನೋಡಬೇಕು. ಫೋಟೋ ಆದಮೇಲೆ ಬಹುಪಾಲು ಹೋರಾಟಗಳು ಕಾಲವಾಗುತ್ತವೆ. ನಿಮ್ಮದು ಆಗಬಾರದು ಎಂದಿದ್ದರೆ ಟಪಾಲು ಶಾಖೆಗೆ ಹೋಗಿ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ಆವಕ ಸಂಖ್ಯೆ ಹಾಕಿಸಿಕೊಳ್ಳಿ.

ತಿಂಗಳೆರಡು ತಿಂಗಳು ಬಿಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಈ ಸಂಖ್ಯೆಯ ಮನವಿ ಯಾವ ದಿನ ಎಲ್ಲಿಗೆ ಹೋಯಿತು, ಅದರ ಮೇಲೆ ಏನು ಷರಾ ಬರೆದಿದ್ದಾರೆ? ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಶಬ್ದ ಮೀರಬಾರದು, ಇಷ್ಟು ಕೇಳಲು ಅಷ್ಟೂ ಬೇಕಾಗುವುದಿಲ್ಲ. ಉತ್ತರಕ್ಕೆ 30 ದಿನ. ಫೈಲು ಬೇರೆ ಕಚೇರಿಯಲ್ಲಿದ್ದರೆ 5 ದಿನದೊಳಗೆ ನಿಮ್ಮ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸುವುದು ಅವರ ಕೆಲಸ. ಹೀಗೆ ಬೆನ್ನು ಹತ್ತಿದರೆ ಗೋಕಾಕದ ಕಾಗದ ಗೃಹ ಸಚಿವಾಲಯದ ಯಾವುದೋ ಮೇಜಿನ ಮೇಲೆ ಇದೆ ಎಂದು ಅವರೇ ಬರೆದುಕೊಡಬೇಕಾಗುತ್ತದೆ.

*ವಾರಂಟಿ:* ಇಲ್ಲ. ಈ ವಿಧಾನದಿಂದ ಕಾಯ್ದೆ ಬಂದೇ ಬರುತ್ತದೆ ಎಂದು ಕೈಪಿಡಿ ಭರವಸೆ ಕೊಡುವುದಿಲ್ಲ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 3ನೇ ಕಲಮನ್ನು ಒಮ್ಮೆ ಓದಿ: ಈ ಹಕ್ಕು ನಾಗರಿಕರಿಗೆ ಮಾತ್ರ. ಮುಂಡಗೋಡಿನಲ್ಲಿ ನೋಂದಣಿ ಪತ್ರ ಹಿಡಿದವನೂ ಸೊಂಡೆಕೊಪ್ಪದ ಗೋಡೆಯೊಳಗಿನವನೂ ತಮ್ಮ ಫೈಲಿನ ಬಗ್ಗೆ ಈ ಪ್ರಶ್ನೆ ಕೇಳುವಂತಿಲ್ಲ. ನೀವು ಕೇಳಬಹುದು. ಪೋಸ್ಟಲ್ ಆರ್ಡರ್ ತರಲು ಹೊರಟಾಗ ಎರಡು ತನ್ನಿ, ಮೊದಲ ಉತ್ತರದಲ್ಲಿ ‘ಮಾಹಿತಿ ಲಭ್ಯವಿಲ್ಲ’ ಎಂದೇ ಬರುತ್ತದೆ.